ಅಂಚೆಯಲ್ಲಿ ಬಂದ ಗೆಳತಿ

ಊರು ಬದಲಾಯಿತು, ಶಾಲೆಯೂ ಬದಲಾಯಿತು. ನೀವು ಪಾತ್ರೆ-ಪಗಡೆ ಜೋಡಿಸುವ ಗಡಿಬಿಡಿಯಲ್ಲಿದ್ದೀರಿ. ಮಗಳು ಮಾತ್ರ ಶಾಲೆಯಿಂದ ಬಂದವಳೇ ಬ್ಯಾಗ್ ಎಸೆದು ಸುಮ್ಮನೆ ಕೂತುಬಿಡುತ್ತಾಳೆ. ‘ಇವತ್ತು ಯಾರ ಜೊತೆ ಊಟ ಮಾಡ್ದೆ ಪುಟ್ಟಿ?’ ಎಂದರೆ ‘ಯಾರೂ ಇಲ್ಲ’. ಆ ಎರಡು ಪದ ಹೇಗೆ ನಾಟುತ್ತದೆ ಎಂಬುದು ಕೇಳಿಸಿಕೊಂಡ ತಾಯಿಗೇ ಗೊತ್ತು.

ನಮ್ಮ ಮನೆಯಲ್ಲೂ ಇದೇ ಆಗಿತ್ತು. ಮಗಳಿಗೆ ಆಗ ಒಂಬತ್ತು ವರ್ಷ. ಫೋನ್ ಕೈಗಿತ್ತರೆ ‘ಹೂಂ, ಊಟ ಆಯ್ತು’ ಎಂದು ಇಟ್ಟುಬಿಡುವ ಸ್ವಭಾವ. ಶಿರಸಿಯಲ್ಲಿರುವ ನನ್ನ ತಂಗಿ, ‘ಅಕ್ಕಾ, ನಮ್ಮ ಪಕ್ಕದ ಮನೆಯಲ್ಲಿ ಇದೇ ವಯಸ್ಸಿನ ಹುಡುಗಿ ಇದಾಳೆ, ಕಾಗದ ಬರೆಸಿ ನೋಡು’ ಅಂದಳು. 2.50 ರೂಪಾಯಿಯ ಇನ್‌ಲ್ಯಾಂಡ್ ಲೆಟರ್ ತಂದುಕೊಟ್ಟೆ. ಮೂರು ದಿನ ಅದು ಗಣಿತದ ಪುಸ್ತಕದೊಳಗೇ ಇತ್ತು. ಆಮೇಲೆ ಬರೆದಳು. ಎರಡು ವಾರಕ್ಕೆ ಉತ್ತರ ಬಂದಾಗ ‘ಅಮ್ಮಾ, ನನ್ನ ಹೆಸರಿಗೇ ಬಂದಿದೆ!’ ಎಂದು ಮನೆ ತುಂಬ ಓಡಾಡಿದಳು.

ಅಲ್ಲೇ ನಾನೊಂದು ತಪ್ಪು ಮಾಡಿದೆ. ಅವಳ ಎರಡನೇ ಪತ್ರವನ್ನು ಕಸಿದುಕೊಂಡು ಓದಿ, ಒತ್ತಕ್ಷರದ ತಪ್ಪುಗಳಿಗೆಲ್ಲ ಕೆಂಪು ಗೀಟು ಎಳೆದೆ. ‘ಊಟದ ಹೊತ್ತಲ್ಲಿ ನಾನು ಒಬ್ಬಳೇ ನೀರಿನ ಟ್ಯಾಂಕ್ ಹತ್ತಿರ ಕೂರುತ್ತೇನೆ’ ಎಂಬ ಸಾಲಿನ ಮೇಲೂ! ನನಗೆ ಹೇಳದ್ದನ್ನು ಮುಖವನ್ನೇ ನೋಡದ ಹುಡುಗಿಗೆ ಹೇಳಿಕೊಂಡಿದ್ದಳು, ನಾನು ಕಂಡಿದ್ದು ಒತ್ತಕ್ಷರವನ್ನು. ಪತ್ರ ಹರಿದು ಹಾಕಿದಳು. ಒಂದು ತಿಂಗಳು ಮತ್ತೆ ಬರೆಯಲಿಲ್ಲ. ‘ಇನ್ಮೇಲೆ ಮುಟ್ಟಲ್ಲ ಕಣೇ’ ಎಂದು ನಾನು ಮಾತು ಕೊಟ್ಟ ಮೇಲೇ ಪೆನ್ನು ಹಿಡಿದದ್ದು. ಶಿರಸಿಯಿಂದ ಬಂದ ಉತ್ತರವನ್ನು ಅವಳೇ ಓದಿ ಹೇಳಿದಳು. ‘ಆ ಟ್ಯಾಂಕ್ ಹತ್ತಿರ ಇನ್ನ್ಯಾರು ಕೂರುತ್ತಾರೆ?’ ಎಂದು ಕೇಳಿದ್ದಳಂತೆ ಆ ಹುಡುಗಿ. ಮರುದಿನ ಇವಳು ಹೋಗಿ ನೋಡಿದರೆ, ಆಚೆ ಬದಿಗೆ ಇನ್ನೊಬ್ಬಳು ಡಬ್ಬಿ ಬಿಚ್ಚಿಕೊಂಡು ಕೂತಿದ್ದಳು.

ಹಾಗಂತ ಅಮ್ಮಂದಿರು ಕಣ್ಣು ಮುಚ್ಚಿಕೊಂಡಿರಬೇಕೆ? ಖಂಡಿತ ಇಲ್ಲ. ನಿಮ್ಮ ಎಚ್ಚರವೆಲ್ಲ ಮೊದಲ ಪತ್ರಕ್ಕೂ ಮುಂಚೆಯೇ ಇರಲಿ. ಎಲ್ಲಿಂದಲೋ ಸಿಕ್ಕ ವಿಳಾಸ ಬೇಡ. ನೆಂಟರು, ಹಳೆಯ ನೆರೆಯವರು, ನಿಮ್ಮ ಕಾಲೇಜು ಗೆಳತಿಯ ಮಕ್ಕಳು ಇದ್ದೇ ಇರುತ್ತಾರೆ. ಆ ತಾಯಿಯ ಜೊತೆ ನೀವು ಮೊದಲು ಮಾತಾಡಿಕೊಳ್ಳಿ. ‘ಬೇರೆ ಯಾರಿಂದಾದರೂ ಪತ್ರ ಬಂದರೆ ನನಗೆ ತೋರಿಸು’ ಎಂದು ಮಗುವಿಗೂ ತಿಳಿಸಿಡಿ.

‘ಏನು ಬರೀಲಿ?’ ಎಂದು ಮಗು ಕೇಳಿದರೆ ನೀವೇ ಉಕ್ತಲೇಖನ ಕೊಡಬೇಡಿ. 1940ರ ಏಪ್ರಿಲ್‌ನಲ್ಲಿ ಆಮ್‌ಸ್ಟರ್‌ಡ್ಯಾಂನ ಹತ್ತು ವರ್ಷದ ಆನ್ ಫ್ರಾಂಕ್ ಅಮೆರಿಕದ ಪತ್ರಮಿತ್ರೆಗೆ ಬರೆದದ್ದು ಅಕ್ಕ, ಅಜ್ಜಿ, ಶಾಲೆಯ ವಿಚಾರ, ತಾನು ಕೂಡಿಟ್ಟ ಸುಮಾರು 800 ಚಿತ್ರ ಪೋಸ್ಟ್‌ಕಾರ್ಡ್‌ಗಳ ವಿಚಾರ. ನಿನ್ನ ಹುಟ್ಟಿದ ದಿನ ಯಾವಾಗ ಎಂದೂ ಕೇಳಿದ್ದಳು. ಮುಂದಿನ ತಿಂಗಳೇ ಅವಳಿದ್ದ ದೇಶದ ಮೇಲೆ ಜರ್ಮನಿಯ ದಾಳಿಯಾಯಿತು, ಆ ಗೆಳೆತನ ಅಲ್ಲಿಗೇ ನಿಂತಿತು. ಮಕ್ಕಳಿಗೆ ಇಂಥ ಸಣ್ಣಪುಟ್ಟ ಸಂಗತಿಗಳೇ ದೊಡ್ಡವು, ನೋಡಿ.

ಚಿತ್ರ, ಒಣಗಿದ ಹೂವು ಕಳಿಸುವ ಆಸೆಯಿದ್ದರೆ ಲಕೋಟೆಯೇ ಬೇಕು, ಇನ್‌ಲ್ಯಾಂಡ್ ಒಳಗೆ ಏನೂ ಇಡುವಂತಿಲ್ಲ. ಪಿನ್‌ಕೋಡ್ ಮರೆಯದಿರಲಿ. ಉತ್ತರ ತಡವಾಗಿ ಮಗು ಮುಖ ಸಣ್ಣ ಮಾಡಿಕೊಂಡರೆ, ಆ ಕಡೆಯ ತಾಯಿಗೆ ಗುಟ್ಟಾಗಿ ಒಂದು ಫೋನ್ ಮಾಡಿ. ಪರೀಕ್ಷೆ ಇರಬಹುದು, ಇಲ್ಲವೇ ಬರೆದ ಪತ್ರ ಇನ್ನೂ ಬ್ಯಾಗಿನಲ್ಲೇ ಉಳಿದಿರಬಹುದು!