ಮಂತ್ರಕ್ಕೂ ಎರರ್ ಚೆಕಿಂಗ್ ಇದೆ!

ಹಂಪಿಯ ಸದ್ದು ಅಂದ್ರೆ ಎಲ್ಲರಿಗೂ ನೆನಪಾಗೋದು ವಿಠ್ಠಲ ದೇವಸ್ಥಾನದ ಸಂಗೀತ ಕಂಬಗಳು. ಆದರೆ ಹಂಪಿಗೆ ಇನ್ನೊಂದು ಸದ್ದಿನ ಕಥೆಯೂ ಇದೆ, ಮಂತ್ರದ್ದು.

ಹೊಸಪೇಟೆಯಲ್ಲಿ ನಮ್ಮಜ್ಜಿ ದಿನಾ ಬೆಳಗ್ಗೆ ವಿಷ್ಣು ಸಹಸ್ರನಾಮ ಹೇಳ್ತಾರೆ. "ಅರ್ಥ ಗೊತ್ತಾ ಅಜ್ಜಿ?" ಅಂದ್ರೆ, "ಮೊದ್ಲು ಬಾಯಿಗೆ ಬರ್ಲಿ, ಅರ್ಥ ಆಮೇಲೆ ಬರ್ತದ" ಅಂತಾರೆ. ಅರ್ಥ ಗೊತ್ತಿಲ್ಲದೆ ಹೇಳಿ ಏನು ಪ್ರಯೋಜನ ಅನ್ನೋದು ನನ್ನ ಹಳೇ ಡೌಟು.

ಸಹಸ್ರನಾಮ ಇರೋದು ಮಹಾಭಾರತದಲ್ಲಿ. ಆದರೆ 'ಮೊದಲು ಶಬ್ದ' ಅನ್ನೋ ಪದ್ಧತಿ ವೇದದಷ್ಟೇ ಹಳೇದು. ವೇದಕ್ಕೆ 'ಶ್ರುತಿ' ಅಂತಾರೆ, ಅಂದರೆ ಕೇಳಿದ್ದು. ಪುಸ್ತಕ ಇಲ್ಲದೆ ಗುರುವಿನ ಬಾಯಿಂದ ಶಿಷ್ಯನ ಕಿವಿಗೆ ಬಂದದ್ದು. ಅಕ್ಷರದ ಜೊತೆ ಉದಾತ್ತ, ಅನುದಾತ್ತ, ಸ್ವರಿತ ಅನ್ನೋ ಸ್ವರಗಳೂ ಸರಿಯಿರಬೇಕು. ಸ್ವರ ತಪ್ಪಿದರೆ ಅರ್ಥವೇ ಉಲ್ಟಾ ಆಗಬಹುದು.

ತಪ್ಪು ನುಸುಳಬಾರದು ಅಂತ ಹಿರಿಯರು ಒಂದು ಉಪಾಯ ಮಾಡಿದ್ರು. ಮಂತ್ರದ ಪದಗಳನ್ನು 1, 2, 3 ಅಂದ್ಕೊಳ್ಳಿ. ಕ್ರಮಪಾಠದಲ್ಲಿ 1-2, 2-3. ಜಟಾಪಾಠದಲ್ಲಿ 1-2, 2-1, 1-2. ಘನಪಾಠದಲ್ಲಿ 1-2, 2-1, 1-2-3, 3-2-1, 1-2-3. ಒಂದೇ ಪದ ಹಿಂದೆ ಮುಂದೆ ಮತ್ತೆ ಮತ್ತೆ ಬರೋದ್ರಿಂದ ತಪ್ಪಾದರೆ ಸಿಕ್ಕಿಬೀಳುತ್ತೆ. ನಾವು ಡೇಟಾ ಕಳಿಸುವಾಗ ಪ್ಯಾರಿಟಿ ಬಿಟ್ ಸೇರಿಸ್ತೀವಲ್ಲ, ಹೆಚ್ಚುಕಮ್ಮಿ ಅದೇ ಐಡಿಯಾ. ಹೀಗೆ ತಿರುಗಿಸಿದಾಗ ವಾಕ್ಯದ ಅರ್ಥ ಉಳಿಯಲ್ಲ. ಇಲ್ಲಿ ಕಾಪಾಡೋದು ಶಬ್ದವನ್ನ.

ಹಾಗಾದ್ರೆ ಅರ್ಥ? ಅದಕ್ಕೆ ವಿಜಯನಗರಕ್ಕೆ ಬರಬೇಕು. 14ನೇ ಶತಮಾನದಲ್ಲಿ, ಬುಕ್ಕರಾಯನ ಆಶ್ರಯದಲ್ಲಿ ಸಾಯಣಾಚಾರ್ಯರು ವೇದಗಳಿಗೆ ಭಾಷ್ಯ ಬರೆದ್ರು. ಅರ್ಥ ತಿಳಿಯದೆ ವೇದ ಓದುವವನನ್ನು ಯಾಸ್ಕರು ಬರೀ ಭಾರ ಹೊತ್ತ ಕಂಬಕ್ಕೆ ಹೋಲಿಸಿದ್ರು. ಸಾಯಣರು ತಮ್ಮ ಪೀಠಿಕೆಯಲ್ಲಿ ಅದನ್ನೇ ಎತ್ತಿ ಹೇಳ್ತಾರೆ. ಅಂದರೆ ನನ್ನ ಡೌಟು ಅವರಿಗೂ ಇತ್ತು!

ಒಂದು ಮಾತು ಮಾತ್ರ ಮರೆಯೋ ಹಾಗಿಲ್ಲ. ಈ ವೇದಪಾಠ ಹೆಂಗಸರಿಗೂ ಎಷ್ಟೋ ಜಾತಿಯವರಿಗೂ ಸಿಗಲಿಲ್ಲ. ನಮ್ಮಜ್ಜಿಗೂ ಯಾರೂ ಕಲಿಸಲಿಲ್ಲ. 16ನೇ ಶತಮಾನದಲ್ಲಿ ಇದೇ ಹಂಪಿಯಲ್ಲಿದ್ದ ಪುರಂದರದಾಸರು ದೇವರ ನಾಮವನ್ನು ಕನ್ನಡದಲ್ಲಿ, ಕೇಳಿದವರಿಗೆಲ್ಲ ತಿಳಿಯೋ ಹಾಗೆ ಹಾಡಿದ್ರು. ತುಂಗಭದ್ರೆಯ ದಡದಲ್ಲಿ ಅವರ ಹೆಸರಿನ ಮಂಟಪ ಇದೆ. ಅಲ್ಲಿ ಶಬ್ದ, ಅರ್ಥ ಎರಡೂ ಎಲ್ಲರದ್ದಾಯ್ತು.

ಈ ರಜೆಯಲ್ಲಿ ಅಜ್ಜಿ ನನ್ನ ಉಚ್ಚಾರ ತಿದ್ದಿದ್ರು, ನಾನು ಅವರಿಗೆ ಅರ್ಥ ಓದಿ ಹೇಳಿದೆ. ಸಾವಿರದಲ್ಲಿ ಹದಿನೆಂಟು ನಾಮ ಆಗಿದೆ.