ಟೇಪ್ ಇದೆ, ಓದೋ ಯಂತ್ರ ಎಲ್ಲಿದೆ?

ಡಿಜಿಟಲ್ ಅಂದ್ರೆ ಶಾಶ್ವತ ಅಂತ ನಾವು ಎಷ್ಟು ಸಲೀಸಾಗಿ ನಂಬಿಬಿಟ್ಟಿದ್ದೇವೆ! ಈ ನಂಬಿಕೆಯನ್ನು ಸುಳ್ಳು ಮಾಡಲು ಮಾಮೂಲಿ ಕ್ಯಾಸೆಟ್‌ಗಿಂತ ಚಿಕ್ಕದಾದ ಒಂದು ವಸ್ತು ಸಾಕು: ಡಿಜಿಟಲ್ ಆಡಿಯೊ ಟೇಪ್, ಅಂದರೆ ಡ್ಯಾಟ್.

ಸೋನಿ ಇದನ್ನು 1987ರಲ್ಲಿ ಮಾರುಕಟ್ಟೆಗೆ ತಂದಿತು. ಸೆಕೆಂಡಿಗೆ 48,000 ಸಲ ಧ್ವನಿಯನ್ನು ಅಳೆದು, ಅದನ್ನು 16 ಬಿಟ್‌ನ ಅಂಕಿಗಳಾಗಿ ಟೇಪಿನ ಮೇಲೆ ಬರೆಯುವ ತಂತ್ರ. ಮೂಲಕ್ಕೂ ನಕಲಿಗೂ ವ್ಯತ್ಯಾಸವೇ ಇರದು ಎಂದು ಅಮೆರಿಕದ ಸಂಗೀತ ಕಂಪನಿಗಳು ಹೆದರಿದವು. 1992ರಲ್ಲಿ ಅಲ್ಲಿ ಕಾನೂನೇ ಬಂತು: ಮನೆಬಳಕೆಯ ಯಂತ್ರಗಳಲ್ಲಿ ನಕಲಿನ ನಕಲು ತೆಗೆಯದಂತೆ ತಡೆ ಇರಲೇಬೇಕು. ಡ್ಯಾಟ್ ಮನೆಮನೆ ತಲುಪಲಿಲ್ಲ. ಸ್ಟುಡಿಯೊ, ರೇಡಿಯೊ, ಸಂಶೋಧಕರ ಚೀಲಗಳಲ್ಲಿ ಉಳಿಯಿತು. 2005ರಲ್ಲಿ ಸೋನಿ ಡ್ಯಾಟ್ ಯಂತ್ರಗಳ ತಯಾರಿಕೆಗೆ ತೆರೆ ಎಳೆಯಿತು.

ಎಂಜಿನಿಯರಿಂಗ್ ಓದಿದವನಾಗಿ ನನಗೆ ಕುತೂಹಲ ಇರೋದು ಇದರ ಒಳಗಿನ ಚಕ್ರದ ಬಗ್ಗೆ. ನಿಮಿಷಕ್ಕೆ 2,000 ಸುತ್ತು ತಿರುಗುವ ಈ ಚಕ್ರ ಟೇಪಿನ ಮೇಲೆ ಓರೆಯಾಗಿ ಗೆರೆ ಬರೆಯುತ್ತದೆ. ಒಂದೊಂದು ಗೆರೆಯ ಅಗಲ ಸುಮಾರು 13.6 ಮೈಕ್ರಾನ್, ತಲೆಗೂದಲಿಗಿಂತ ಎಷ್ಟೋ ಸಣ್ಣ. ಹೆಡ್ ಸವೆದರೆ, ಜೋಡಣೆ ಕೂದಲೆಳೆಯಷ್ಟು ತಪ್ಪಿದರೆ ಓದಲಾಗದು. ಹಳೆಯ ಅನಲಾಗ್ ಟೇಪು ಹಾಳಾದರೆ ಗೊರಗೊರ ಅನ್ನುತ್ತದೆ, ಮಾತಂತೂ ಕೇಳುತ್ತೆ. ಡ್ಯಾಟ್ ಹಾಗಲ್ಲ. ಒಂದು ಮಿತಿಯವರೆಗೆ ತಪ್ಪುಗಳನ್ನು ತಾನೇ ಸರಿಪಡಿಸಿಕೊಳ್ಳುತ್ತದೆ, ಮಿತಿ ದಾಟಿದರೆ ಮೌನ.

ಹಾಗಾದರೆ ಕಂಪ್ಯೂಟರಿಗೆ ಸಾಗಿಸೋದು ಹೇಗೆ? ಪೆನ್‌ಡ್ರೈವ್ ಥರ ಕಾಪಿ-ಪೇಸ್ಟ್ ಇಲ್ಲ. ಎರಡು ಗಂಟೆಯ ಟೇಪನ್ನು ಎರಡು ಗಂಟೆ ಓಡಿಸಲೇಬೇಕು. ಹೆಡ್‌ಫೋನ್ ಕಿಂಡಿಯಿಂದ ಧ್ವನಿ ತೆಗೆಯಬೇಡಿ. ಯಂತ್ರದ ಡಿಜಿಟಲ್ ಔಟ್‌ಪುಟ್ಟನ್ನು ಸೌಂಡ್‌ ಕಾರ್ಡಿನ ಡಿಜಿಟಲ್ ಇನ್‌ಪುಟ್ಟಿಗೆ ಜೋಡಿಸಿ. ಕಾರ್ಡು ಯಂತ್ರದ ಗಡಿಯಾರವನ್ನೇ ಅನುಸರಿಸುವಂತೆ ಸೆಟ್ ಮಾಡಿ. ಟೇಪು 48 ಕಿಲೋಹರ್ಟ್ಸ್‌ನದ್ದಾದರೆ ಫೈಲೂ 48, 44.1 ಆದರೆ ಅದೂ 44.1. ವೇವ್ ಫೈಲಾಗಿ ಉಳಿಸಿ, ಎಂಪಿ3 ಬೇಡ. ಎರಡು ಸಲ ಓಡಿಸಿ ಹೋಲಿಸಿದರೆ ಎಲ್ಲಿ ದೋಷವಿದೆ ಅಂತ ಗೊತ್ತಾಗುತ್ತೆ.

48 ಕಿಲೋಹರ್ಟ್ಸ್‌ನಲ್ಲಿ ಒಂದು ಗಂಟೆಗೆ ಬೇಕಾಗೋದು ಸುಮಾರು 690 ಎಂಬಿ. ಅಂದರೆ ಜಾಗ ಇವತ್ತು ಸಮಸ್ಯೆಯೇ ಅಲ್ಲ. ಕೊರತೆ ಇರೋದು ಕೆಲಸ ಮಾಡುವ ಯಂತ್ರಕ್ಕೆ, ಅದನ್ನು ರಿಪೇರಿ ಮಾಡಬಲ್ಲ ಕೈಗೆ, ಪಕ್ಕದಲ್ಲಿ ಕೂತು ಕೇಳುವ ಮನುಷ್ಯರ ಸಮಯಕ್ಕೆ. 2025ರ ಹೊತ್ತಿಗೆ ಮ್ಯಾಗ್ನೆಟಿಕ್ ಟೇಪುಗಳನ್ನು ಓದಿಸುವ ಅವಕಾಶ ಹೆಚ್ಚುಕಡಿಮೆ ಮುಗಿದಿರುತ್ತದೆ ಎಂದು ಧ್ವನಿ ಸಂಗ್ರಹಾಗಾರಗಳ ತಜ್ಞರು ಮೊದಲೇ ಎಚ್ಚರಿಸಿದ್ದರು.

ಇಲ್ಲೇ ರಾಜಕೀಯ ಇದೆ. ಮಾರಾಟವಾದ ಹಾಡು ಸಿಡಿಯಲ್ಲಿ, ಆ್ಯಪ್‌ನಲ್ಲಿ ಹೇಗೋ ಬದುಕುತ್ತೆ. ಹಳ್ಳಿಯ ಅಜ್ಜಿಯೊಬ್ಬರು ಸಂಶೋಧಕರ ಮುಂದೆ ಹೇಳಿದ ಕಥೆಗೆ, ಮುಷ್ಕರದ ಸಭೆಯ ಭಾಷಣಕ್ಕೆ ಇರೋದು ಒಂದೇ ಟೇಪು. ಕಪಾಟಿನಲ್ಲಿಟ್ಟು ಬೀಗ ಹಾಕಿದರೆ ಅದನ್ನು ಉಳಿಸಿದಂತಲ್ಲ. ನಿಮ್ಮೂರಿನ ವಿಶ್ವವಿದ್ಯಾಲಯವನ್ನೋ ಅಕಾಡೆಮಿಯನ್ನೋ ಇಷ್ಟು ಕೇಳಿ: ನಿಮ್ಮಲ್ಲಿ ಎಷ್ಟು ಟೇಪ್ ಇವೆ, ಓಡುವ ಯಂತ್ರ ಎಷ್ಟಿದೆ, ಈ ವರ್ಷದ ಬಜೆಟ್ಟಿನಲ್ಲಿ ಇದಕ್ಕೆ ಎಷ್ಟಿಟ್ಟಿದ್ದೀರಿ?