ಬತ್ತಿದ ತೊರೆ, ನೆಲೆ ತಪ್ಪಿದ ಹಕ್ಕಿ

ಹಿಮಾಲಯದ ತೊರೆಗಳಲ್ಲಿ ವಾಸಿಸುವ ಬ್ರೌನ್ ಡಿಪ್ಪರ್ ಎಂಬ ಕಂದು ಹಕ್ಕಿಯು ರಭಸದ ನೀರಿನಲ್ಲಿ ಮುಳುಗಿ, ತಳದ ಕಲ್ಲುಗಳಿಗೆ ಅಂಟಿಕೊಂಡಿರುವ ಕೀಟಗಳ ಮರಿಹುಳುಗಳನ್ನು ಹೆಕ್ಕಿ ತಿನ್ನುತ್ತದೆ. ಈ ಹುಳುಗಳಲ್ಲಿ ಹೆಚ್ಚಿನವು ತಂಪಾದ, ಆಮ್ಲಜನಕ ಹೇರಳವಾಗಿರುವ, ಸದಾ ಹರಿಯುವ ನೀರನ್ನೇ ನೆಚ್ಚಿಕೊಂಡಿವೆ.

ಕಿರು ಜಲವಿದ್ಯುತ್ ಯೋಜನೆಗಳಲ್ಲಿ ಸಾಮಾನ್ಯವಾಗಿ ವಿಶಾಲ ಜಲಾಶಯವಿರುವುದಿಲ್ಲವೆಂಬುದು ನಿಜವಾದರೂ, ತೊರೆಗೆ ಅಡ್ಡಲಾಗಿ ಕಟ್ಟಿದ ಒಡ್ಡಿನಿಂದ ನೀರನ್ನು ಕಾಲುವೆ, ಸುರಂಗ ಅಥವಾ ಕೊಳವೆಗಳ ಮೂಲಕ ಕೆಳಗಿನ ವಿದ್ಯುದಾಗಾರಕ್ಕೆ ಒಯ್ಯುವುದರಿಂದ, ಇವೆರಡರ ನಡುವಿನ ಹರಿವು ಕ್ಷೀಣಿಸಿ, ಕಲ್ಲುಗಳ ಸಂದಿನಲ್ಲಿ ಹೂಳು ತುಂಬಿ, ಹುಳುಗಳ ನೆಲೆ ಹಾಳಾಗುತ್ತದೆ. ಹಿಮ ಕರಗದ ಚಳಿಗಾಲದಲ್ಲಿ ಹರಿವು ಸಹಜವಾಗಿಯೇ ಕಡಿಮೆಯಿದ್ದು, ಎತ್ತರದ ತಾಣಗಳಿಂದ ಅನೇಕ ಹಕ್ಕಿಗಳು ಕೆಳಗಿನ ತೊರೆಗಳಿಗೆ ಇಳಿದು ಬರುವುದೂ ಅದೇ ಋತುವಿನಲ್ಲಾದ್ದರಿಂದ, ಆಹಾರದ ಅಭಾವವು ಆಗಲೇ ತೀವ್ರವಾಗುತ್ತದೆ. ನೀರಿನಿಂದ ಮೇಲೆದ್ದು ಹಾರುವ ಕೀಟಗಳನ್ನು ಹಿಡಿಯುವ ಪ್ಲಂಬಿಯಸ್ ವಾಟರ್ ರೆಡ್‌ಸ್ಟಾರ್ಟ್‌ನಂತಹ ಹಕ್ಕಿಗಳಿಗೂ ಇದರ ಬಿಸಿ ತಟ್ಟದಿರದು.

2006ರ ಪರಿಸರ ಪರಿಣಾಮ ಅಧ್ಯಯನ ಅಧಿಸೂಚನೆಯು 25 ಮೆಗಾವಾಟ್‌ಗಿಂತ ಕಡಿಮೆ ಸಾಮರ್ಥ್ಯದ ಜಲವಿದ್ಯುತ್ ಯೋಜನೆಗಳನ್ನು ಪೂರ್ವಾನುಮತಿಯ ವ್ಯಾಪ್ತಿಯಿಂದ ಹೊರಗಿಟ್ಟಿದೆ; ಮೆಗಾವಾಟ್ ತಿಳಿಸುವುದು ಯಂತ್ರದ ಸಾಮರ್ಥ್ಯವನ್ನೇ ಹೊರತು ಬತ್ತಿದ ತೊರೆಯ ಉದ್ದವನ್ನಲ್ಲವಾದ್ದರಿಂದ, ಈ ವಿನಾಯಿತಿಗೆ ಪರಿಸರ ವಿಜ್ಞಾನದ ಆಧಾರವಿದೆಯೆಂದು ಹೇಳಲಾಗದು.